ಬೇವಿನ ಬೇರಿಗೆ ಎಷ್ಟು ಮಣ್ಣು?

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಅಂಗಳಗಳಲ್ಲಿ ಹಳೆಯ ಬೇವು, ಹುಣಸೆಗಳ ಬೇರು ನೆಲದ ಮೇಲೆ ಎದ್ದು ಕಾಣುವುದು ಸಾಮಾನ್ಯ. ಮಕ್ಕಳು, ಮುದುಕರು ಎಡವುತ್ತಾರೆಂದು ಹೊಲದಿಂದ ಒಂದು ಬಂಡಿ ಎರೆಮಣ್ಣು ತಂದು ಸುರಿದು ಮುಚ್ಚಿಬಿಡುವವರುಂಟು. ಉದ್ದೇಶ ಒಳ್ಳೆಯದೇ. ಆದರೆ ಅದರಿಂದಾದ ಹಾನಿ ಗೊತ್ತಾಗುವುದು ಕೆಲವು ವರ್ಷ ಕಳೆದು ತುದಿಕೊಂಬೆಗಳು ಒಣಗತೊಡಗಿದಾಗ. ಅಷ್ಟರಲ್ಲಿ ಆ ಮಣ್ಣಿನ ನೆನಪು ಯಾರಿಗೂ ಇರುವುದಿಲ್ಲ.

ಬೇರು ತಾನಾಗಿ ಮೇಲಕ್ಕೆ ಏಳುವುದಿಲ್ಲ. ಮೇಲ್ಪದರದಲ್ಲೇ ಹುಟ್ಟಿದ ಬೇರು ಕಾಂಡದಂತೆ ವರ್ಷವರ್ಷ ದಪ್ಪವಾಗುತ್ತದೆ. ಅದರ ಮೇಲಿನ ಮಣ್ಣನ್ನು ದಿನದಿನದ ಕಸಬರಿಗೆ, ಮಾಳಿಗೆಯಿಂದ ಬೀಳುವ ನೀರು, ಮುಂಗಾರಿನ ಜೋರುಮಳೆ ಒಯ್ಯುತ್ತವೆ. ನೀರು, ಸತ್ವ ಹೀರುವ ಎಳೆಬೇರುಗಳಲ್ಲಿ ಬಹುಪಾಲು ನೆಲದ ಮೇಲಿನ ಎರಡು ಅಡಿಯೊಳಗೇ ಇರುತ್ತವೆ. ಕಾರಣ ಗಾಳಿ. ಬೇರೂ ಉಸಿರಾಡುತ್ತದೆ, ಅದಕ್ಕೆ ಆಮ್ಲಜನಕ ಬೇಕು.

ಇಲ್ಲಿಯೇ ನಮ್ಮ ಎರಿ ಭೂಮಿಯ ಗುಣ ಮುಖ್ಯವಾಗುತ್ತದೆ. ಬಸಾಲ್ಟ್ ಕಲ್ಲು ಶಿಥಿಲವಾಗಿ ಆದ ಈ ಕಪ್ಪುಮಣ್ಣಿನಲ್ಲಿ ಸ್ಮೆಕ್ಟೈಟ್ ಎಂಬ ಜೇಡಿ ಹೆಚ್ಚು. ನೀರು ಕುಡಿದರೆ ಅದು ಹಿಗ್ಗಿ ರಂಧ್ರಗಳನ್ನು ಮುಚ್ಚುತ್ತದೆ. ಹಿಂಗಾರಿ ಜೋಳ ಮಳೆಯಿಲ್ಲದೆಯೂ ಬೆಳೆಯುವುದು ಈ ಮಣ್ಣು ಹಿಡಿದಿಟ್ಟ ತೇವದಿಂದಲೇ. ಆದರೆ ಅದೇ ಮಣ್ಣನ್ನು ಬೇರಿನ ಮೇಲೆ ಒಂದು ಅಡಿ ಪೇರಿಸಿದರೆ ಕತೆ ಬೇರೆ. ನೀರು ತುಂಬಿದ ರಂಧ್ರದಲ್ಲಿ ಆಮ್ಲಜನಕ ಹರಡುವ ವೇಗ ಗಾಳಿಯಲ್ಲಿರುವುದಕ್ಕಿಂತ ಸುಮಾರು 10,000 ಪಟ್ಟು ಕಡಿಮೆ. ಮಳೆಗಾಲದಲ್ಲಿ ಬೇರು ಉಸಿರುಗಟ್ಟುತ್ತದೆ. ಬೇಸಿಗೆಯಲ್ಲಿ ಅದೇ ಮಣ್ಣು ಕುಗ್ಗಿ ಬಾಯಿಬಿಟ್ಟು ಎಳೆಬೇರುಗಳನ್ನು ಹರಿಯುತ್ತದೆ.

ಬುಡದ ಸುತ್ತ ಎತ್ತರದ ಕಟ್ಟೆ ಕಟ್ಟಿ, ಕಾಂಡದವರೆಗೂ ಮಣ್ಣು ತುಂಬಿ, ಮೇಲೆ ಸಿಮೆಂಟು ಬಳಿಯುವುದು ಇನ್ನೂ ಕೆಟ್ಟದ್ದು. ಆಲ, ಅರಳಿ, ಅತ್ತಿಯ ಜಾತಿಯವು ಕಾಂಡದಿಂದ ಹೊಸ ಬೇರು ಬಿಟ್ಟು ಹೇಗೋ ತಾಳಿಕೊಳ್ಳುತ್ತವೆ. ಬೇವು, ಹುಣಸೆಗೆ ಆ ಸೌಲಭ್ಯ ಅಷ್ಟಿಲ್ಲ. ಹೂತ ತೊಗಟೆ ಸದಾ ಒದ್ದೆಯಾಗಿದ್ದು ಕೊಳೆಯುತ್ತದೆ. ಊರಿನ ಕಟ್ಟೆ ಕೂರಲು ಬೇಕೇ ಬೇಕು, ನಿಜ. ಆದರೆ ಅದನ್ನು ಬುಡದಿಂದ ದೂರ ಕಟ್ಟಿ, ಒಳಗಿನ ನೆಲವನ್ನು ಮೊದಲಿನ ಮಟ್ಟದಲ್ಲೇ ಬಿಡಬಹುದು.

ಹಾಗಾದರೆ ಕಾಣುವ ಬೇರನ್ನು ಏನು ಮಾಡಬೇಕು? ಕಡಿಯಬಾರದು. ಮರ ನಿಂತಿರುವುದೇ ಅದರ ಬಲದ ಮೇಲೆ. ಮಸಾರಿ ಮಣ್ಣಿಗೆ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೆರೆಸಿ, ಬೇರುಗಳ ನಡುವಿನ ತಗ್ಗು ತುಂಬುವಷ್ಟು, ಒಂದೆರಡು ಇಂಚು ಮಾತ್ರ ಹಾಕಿ. ತುಳಿದು ಗಟ್ಟಿಮಾಡಬೇಡಿ. ಅದರ ಮೇಲೆ ಎರಡು-ಮೂರು ಇಂಚು ಒಣ ಹೊದಿಕೆ ಹರಡಿ. ತೊಗರಿ ಹೊಟ್ಟು, ಜೋಳದ ಕಣಕಿ ದನಗಳಿಗೇ ಇರಲಿ. ಚೂರು ಮಾಡಿದ ತೊಗರಿಕಟ್ಟಿಗೆ, ಕಬ್ಬಿನ ರವದಿ, ಒಣ ಎಲೆ ಸಾಕು. ಕಾಂಡದ ಸುತ್ತ ಒಂದು ಗೇಣು ಜಾಗ ಬರಿದಾಗಿರಲಿ, ಇಲ್ಲವಾದರೆ ತೇವಕ್ಕೆ ಗೆದ್ದಲು, ಶಿಲೀಂಧ್ರ ಸೇರುತ್ತವೆ. ಹೊದಿಕೆ ಬಿಸಿಲನ್ನು ತಡೆದು ತೇವ ಕಾಯುತ್ತದೆ, ಬಿರುಕು ತಗ್ಗಿಸುತ್ತದೆ, ಕೊಳೆತು ಎರೆಹುಳುವಿಗೆ ಆಹಾರವಾಗಿ ಮಣ್ಣನ್ನು ಸಡಿಲಗೊಳಿಸುತ್ತದೆ. ಅದು ಕರಗುವುದರಿಂದ ವರ್ಷಕ್ಕೊಮ್ಮೆ ಮತ್ತೆ ಹಾಕಬೇಕು.

ಜೂನ್‌ನಲ್ಲಿ ಒಂದೆರಡು ಮಳೆಯಾಗಿ ನೆಲ ನೆನೆದ ಮೇಲೆ ಈ ಕೆಲಸಕ್ಕೆ ಒಳ್ಳೆಯ ಸಮಯ. ಫೆಬ್ರುವರಿ, ಮಾರ್ಚ್‌ನಲ್ಲಿ ಬೇವು ಉದುರಿಸುವ ಎಲೆಯನ್ನು ಗುಡಿಸಿ ಬೆಂಕಿ ಹಚ್ಚಬೇಡಿ, ಒಂದು ಮೂಲೆಯಲ್ಲಿ ಕೂಡಿಡಿ. ಅದೇ ಮರದ ಬೇರಿಗೆ ಅದೇ ಒಳ್ಳೆಯ ಹೊದಿಕೆ.