ಹೊಸಪೇಟೆಯ ಲೇತು, ತುಂಗಭದ್ರೆಯ ಗೇಟು

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ ಜಲಾಶಯ ಕಣ್ಣೆದುರೇ ಬರಿದಾಗುತ್ತಿದ್ದರೆ ಕಂಪ್ಲಿ, ಗಂಗಾವತಿಯ ಭತ್ತದ ರೈತರು ಕಂಗಾಲಾದರು. ವಾರದೊಳಗೆ ಸ್ಟಾಪ್‌ಲಾಗ್ ಇಳಿಸಿ ನೀರು ತಡೆದದ್ದು ಎಲ್ಲರಿಗೂ ನೆನಪಿದೆ. ಆ ಉಕ್ಕಿನ ಹಲಗೆಗಳು ತಯಾರಾದದ್ದು ಹೊಸಪೇಟೆ ಸುತ್ತಲಿನ ಕಾರ್ಖಾನೆಗಳಲ್ಲೇ. ಇಂಥ ಕೆಲಸಕ್ಕೆಂದೇ ಹುಟ್ಟಿದ್ದ ಊರಿನ ದೊಡ್ಡ ಕಾರ್ಖಾನೆ ಮಾತ್ರ ಅಷ್ಟರಲ್ಲಾಗಲೇ ಬಾಗಿಲು ಹಾಕಿತ್ತು.

ಅದು ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್. 1945ರಲ್ಲಿ ಅಣೆಕಟ್ಟೆಗೆ ಅಡಿಗಲ್ಲು ಬಿದ್ದ ಮೇಲೆ ಅದರ ಕೆಲಸಕ್ಕೆಂದು ಶುರುವಾದ ವರ್ಕ್‌ಶಾಪು 1960ರಲ್ಲಿ ಕಂಪನಿಯಾಯಿತು. ದೇಶದ ಬೇರೆ ಬೇರೆ ಅಣೆಕಟ್ಟೆಗಳಿಗೆ ಗೇಟು, ಪೆನ್‌ಸ್ಟಾಕು, ಕ್ರೇನು ಮಾಡಿಕೊಟ್ಟಿತು. ನಷ್ಟದಲ್ಲಿ ಮುಳುಗಿದಾಗ 2015ರಲ್ಲಿ ಕೇಂದ್ರ ಸಂಪುಟ ಮುಚ್ಚುವ ನಿರ್ಧಾರ ಮಾಡಿತು. ಲಾಭನಷ್ಟದ ಲೆಕ್ಕದಲ್ಲಿ ಅದು ಸರಿಯಿದ್ದೀತು. ಆದರೆ ದಪ್ಪ ತಗಡು ಬಗ್ಗಿಸುವ, ಆಳೆತ್ತರದ ಗಾಲಿ ಕಡೆಯುವ ಯಂತ್ರಗಳ ಜೊತೆ ಅವುಗಳ ಗುಣ ಬಲ್ಲ ಕೈಗಳೂ ಚದುರಿಹೋಗುತ್ತವೆ. ಆ ನಷ್ಟ ಯಾವ ಲೆಕ್ಕದಲ್ಲೂ ಬರೆದಿರುವುದಿಲ್ಲ.

ದೊಡ್ಡದು ಹೋದರೂ ಸಣ್ಣವು ಉಳಿದಿವೆ. ಹಳೆಯ ವರ್ಕ್‌ಶಾಪುಗಳ ತಗಡಿನ ಶೆಡ್ಡಿಗೆ ಕಾಲಿಟ್ಟರೆ ಮೊದಲು ಮೂಗಿಗೆ ಬಡಿಯುವುದು ಕಾದ ಕಟಿಂಗ್ ಆಯಿಲ್ಲಿನ ವಾಸನೆ. ಅಲ್ಲಿ ನಿಂತ, ಲೋಹ ಕಡೆಯುವ ಸೆಂಟರ್ ಲೇತು ಬಹಳ ಮಟ್ಟಿಗೆ ನಮ್ಮದೇ ನಾಡಿನದು. ಇದೇ ತುಂಗಭದ್ರೆಯ ಮೇಲ್ದಂಡೆಯ ಹರಿಹರದಲ್ಲಿ 1941ರಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್ ಮಾಡಿದ್ದು, ಇಲ್ಲವೇ 1953ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಚ್‌ಎಂಟಿಯದು. ಹರಿಹರದ ಕಾರ್ಖಾನೆ ಮುಚ್ಚಿ ಎರಡು ದಶಕ ದಾಟಿದೆ. ಅದರ ಲೇತುಗಳು ಇನ್ನೂ ತಿರುಗುತ್ತಿವೆ.

ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರ ಬಂದ ಮೇಲೂ ಇವೇಕೆ ಬೇಕು? ಒಂದೇ ಅಳತೆಯ ಸಾವಿರ ಬೋಲ್ಟು ಬೇಕಿದ್ದರೆ ಸಿಎನ್‌ಸಿಯೇ ಸರಿ. ಆದರೆ ಕಮಲಾಪುರದ ಆಲೆಮನೆಯ ಗಾಣದ ಶಾಫ್ಟು ಬೇರಿಂಗ್ ಕೂರುವ ಜಾಗದಲ್ಲಿ ಸವೆದಿದೆ ಎನ್ನಿ. ನಕ್ಷೆಯಿಲ್ಲ, ಹೊಸದು ಅಂಗಡಿಯಲ್ಲಿ ಸಿಗುವುದಿಲ್ಲ, ಕಡಿದ ಕಬ್ಬು ಒಣಗುತ್ತಿದೆ. ಸವೆದಲ್ಲಿ ವೆಲ್ಡಿಂಗ್ ತುಂಬಿಸಿ, ಲೇತಿನ ಚಕ್ಕಿಗೆ ಕಟ್ಟಿ, ಕ್ಯಾಲಿಪರ್ ಹಿಡಿದು ಹಂತಹಂತವಾಗಿ ಕಡೆದು ಅಳತೆಗೆ ತರುವವನು ಟರ್ನರ್. ಸಂಜೆಗೆ ಗಾಣ ತಿರುಗುತ್ತದೆ. ಸಂಡೂರಿನ ಅದಿರು ಲಾರಿಯ ಪಿನ್ನು, ಕಂಪ್ಲಿಯ ರೈಸ್‌ಮಿಲ್ಲಿನ ಪುಲ್ಲಿ, ಹೊಲದ ಪಂಪಿನ ಶಾಫ್ಟು, ಇಂಥ ಒಂಟಿ ಕೆಲಸಗಳೇ ಹಳೆ ಲೇತಿನ ಅನ್ನ.

ಹಳೆ ಲೇತನ್ನು ನೋಡುವುದಕ್ಕೂ ಒಂದು ಕ್ರಮವಿದೆ. ಬಣ್ಣ ನೋಡಬಾರದು. ಬೆಡ್ಡಿನ ಮೇಲೆ ಚಕ್ಕಿನ ಪಕ್ಕದ ಜಾಗದಲ್ಲಿ ಬೆರಳಾಡಿಸಬೇಕು. ಹೆಚ್ಚು ಕೆಲಸ ನಡೆಯುವುದು ಅಲ್ಲೇ, ಸವೆತವೂ ಅಲ್ಲೇ. ಹ್ಯಾಂಡಲನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸಿದರೆ ಸ್ಕ್ರೂವಿನಲ್ಲಿ ಎಷ್ಟು ಪ್ಲೇ, ಅಂದರೆ ಸಡಿಲ, ಇದೆಯೆಂದು ತಿಳಿಯುತ್ತದೆ. ಪ್ಲೇ ಇದ್ದರೂ ನುರಿತ ಟರ್ನರ್ ಅದನ್ನು ಲೆಕ್ಕಕ್ಕೆ ಹಿಡಿದು ಕೂದಲೆಳೆಯ ಅಳತೆ ತರುತ್ತಾನೆ. ಟೂಲು ಮೊಂಡಾದದ್ದು ಅವನಿಗೆ ಸದ್ದಿನಲ್ಲೇ ಗೊತ್ತಾಗುತ್ತದೆ. ದಪ್ಪ ಎರಕದ ಬೆಡ್ಡು ಅದುರುವುದಿಲ್ಲ. ಬಿಚ್ಚಲಾಗದ ಭಾಗವೇ ಇಲ್ಲ. ದಿನವೂ ಎಣ್ಣೆ ಕಂಡರೆ ಮೂರು ತಲೆಮಾರು ಬಾಳುತ್ತದೆ.

ಹಳೆಯದು ದುಡಿಯಬಲ್ಲದು ಎಂಬುದಕ್ಕೆ ಇಲ್ಲೇ ದೊಡ್ಡ ಸಾಕ್ಷಿಯಿದೆ. ಅಣೆಕಟ್ಟೆ ಬುಡದ ಮತ್ತು ಹಂಪಿಯ ವಿದ್ಯುತ್ ಮನೆಗಳು 1950ರ ದಶಕದ ಕೊನೆಯಲ್ಲಿ ಆರಂಭವಾಗಿ ಇನ್ನೂ ದುಡಿಯುತ್ತಿವೆ. ಎರಡರ ಸಾಮರ್ಥ್ಯ ಒಟ್ಟು 72 ಮೆಗಾವಾಟ್. ಹಂಪಿಗೆ ಬರುವವರಲ್ಲಿ ಇದು ಎಷ್ಟು ಜನರಿಗೆ ಗೊತ್ತು?

19ನೇ ಗೇಟು ಹೋದ ಮೇಲೆ ಅಣೆಕಟ್ಟೆಯ 33 ಗೇಟುಗಳನ್ನೂ ಬದಲಿಸುವ ತೀರ್ಮಾನವಾಯಿತು. ತೆಗೆದ ಹಳೆಯ ಗೇಟುಗಳಲ್ಲಿ ಒಂದನ್ನಾದರೂ ಚೈನು ಸಮೇತ ಗುಜರಿಗೆ ಹಾಕದೆ ಉಳಿಸಬೇಕು. ಅದರ ಪಕ್ಕ ಹರಿಹರದ ಒಂದು ಲೇತು ನಿಲ್ಲಲಿ, ಗಾಜಿನ ಪೆಟ್ಟಿಗೆಯಲ್ಲಲ್ಲ, ಐಟಿಐ ಮಕ್ಕಳು ಕೈಯಿಟ್ಟು ಕಲಿಯುವಂತೆ. ಕಲಿಸಲು ನಿವೃತ್ತ ಟರ್ನರುಗಳನ್ನು ಕರೆಯಲಿ. ತುಂಗಭದ್ರಾ ಮಂಡಳಿ ಮತ್ತು ವಿಜಯನಗರ ಜಿಲ್ಲಾಡಳಿತ ಗೇಟುಗಳು ಹರಾಜಾಗುವ ಮೊದಲೇ ಇದನ್ನು ಮಾಡಲಿ.