ಎರಡು ಸಬ್‌ವೂಫರ್‌ಗೆ ಯಾವ ಆಂಪ್? ಸಿನ್ನರ್‌ನಲ್ಲಿ ಕಲಿತ ಲೆಕ್ಕ

ಪುಣೆಯಲ್ಲಿರೋ ನಮ್ಮ ಕನ್ನಡದವರು ಪದೇ ಪದೇ ಕೇಳೋ ಪ್ರಶ್ನೆ ಇದು: ಕಾರಿಗೆ ಎರಡು ಸಬ್‌ವೂಫರ್ ಹಾಕಿಸ್ತೀನಿ, ಯಾವ ಆಂಪ್ಲಿಫೈಯರ್ ತಗೊಳ್ಲಿ? ಮೊದಲು ನನ್ನ ತಪ್ಪು ಹೇಳಿಬಿಡ್ತೀನಿ.

ನಾಸಿಕ್‌ನಿಂದ ಶಿರಡಿಗೆ ಹೊರಟಿದ್ವಿ. ಹಿಂದಿನ ಸೀಟಲ್ಲಿ ಅಮ್ಮ, ಮಗಳು. ಸಿನ್ನರ್ ಹತ್ತಿರ ಬೇಸ್ ನಿಂತುಹೋಯ್ತು, ಸುಟ್ಟ ವಾಸನೆ ಬಂತು. ಡಿಕ್ಕಿ ತೆಗೆದ್ರೆ ಆಂಪ್ ಮುಟ್ಟೋಕಾಗದಷ್ಟು ಬಿಸಿ, ಕೆಂಪು ಲೈಟ್ ಉರೀತಿತ್ತು. ರಸ್ತೆ ಪಕ್ಕದ ಆಟೋ ಎಲೆಕ್ಟ್ರಿಷಿಯನ್ ಸ್ಪೀಕರ್ ವೈರ್ ಬಿಚ್ಚಿ ಮಲ್ಟಿಮೀಟರ್ ಇಟ್ಟರು. 1.8 ಓಮ್. ಆಂಪ್ ಮೇಲೆ ಏನಿದೆ ಓದಿ ಅಂದ್ರು. ಬ್ರಿಜ್ ಮಾಡಿದಾಗ ಕನಿಷ್ಠ 4 ಓಮ್ ಅಂತಿತ್ತು! ದಿನವೆಲ್ಲಾ ಸ್ಪೆಕ್ ಓದೋ ಕೆಲಸ ನನ್ನದು, ಇದೊಂದನ್ನ ಓದಿರಲಿಲ್ಲ.

ಮೊದಲು ಓಮ್ ನೋಡಿ. 4 ಓಮ್‌ನ ಎರಡು ಸಬ್ ಪ್ಯಾರಲಲ್ ಆಗಿ ಜೋಡಿಸಿದ್ರೆ 2 ಓಮ್, ಸೀರೀಸ್ ಆದ್ರೆ 8 ಓಮ್. (ಮೀಟರ್ ತೋರಿಸೋದು ಕಾಯಿಲ್‌ನ ಡಿಸಿ ರೆಸಿಸ್ಟೆನ್ಸ್, ಹಾಗಾಗಿ ಸ್ವಲ್ಪ ಕಡಿಮೆ ಬರುತ್ತೆ.) ಓಮ್ ಇಳಿದಷ್ಟೂ ಆಂಪ್ ಹೆಚ್ಚು ಕರೆಂಟ್ ಕೊಡಬೇಕು. ತಾಳೋ ಶಕ್ತಿ ಇಲ್ಲದಿದ್ರೆ ಕಾಯುತ್ತೆ. ಒಂದೇ ಸಬ್‌ನಲ್ಲಿ ಎರಡು ಕಾಯಿಲ್ ಇದ್ರೂ ಲೆಕ್ಕ ಇದೇ.

ಆಮೇಲೆ ವಾಟ್. ಡಬ್ಬದ ಮೇಲಿನ ದೊಡ್ಡ ‘ಮ್ಯಾಕ್ಸ್’ ನಂಬರ್ ಬಿಟ್ಟುಬಿಡಿ, ಆರ್‌ಎಂಎಸ್ ನೋಡಿ. ಸಬ್ ತಲಾ 250 ವಾಟ್ ಆರ್‌ಎಂಎಸ್ ಇದ್ದು, ಪ್ಯಾರಲಲ್ ಮಾಡೋದಾದ್ರೆ, 2 ಓಮ್‌ನಲ್ಲಿ ಸುಮಾರು 500 ವಾಟ್ ಆರ್‌ಎಂಎಸ್ ಕೊಡೋ ಮೋನೋ ಆಂಪ್ ಸಾಕು. ಗೇನ್ ಅನ್ನೋದು ವಾಲ್ಯೂಮ್ ಅಲ್ಲ, ಸ್ಟೀರಿಯೋದ ಸಿಗ್ನಲ್‌ಗೆ ಆಂಪ್ ಹೊಂದಿಸೋ ತಿರುಪು. ಪೂರ್ತಿ ತಿರುಗಿಸಿದ್ರೆ ಅಲೆಯ ತುದಿ ಕತ್ತರಿಸಿಹೋಗುತ್ತೆ, ಕಾಯಿಲ್ ಸುಡುತ್ತೆ.

ಎಲೆಕ್ಟ್ರಿಷಿಯನ್ ಸಬ್‌ಗಳನ್ನ ಸೀರೀಸ್ ಮಾಡಿಕೊಟ್ಟರು. ಬೇಸ್ ಕಡಿಮೆಯಾಯ್ತು, ಆಂಪ್ ಉಳೀತು. ಆಮೇಲೆ ಬಾನೆಟ್ ಎತ್ತಿ ತೋರಿಸಿದ್ದು ನೋಡಿ ನನ್ನ ಎದೆ ಝಲ್ ಅಂತು. ಬ್ಯಾಟರಿಯಿಂದ ಹೊರಟ ದಪ್ಪ ವೈರ್‌ಗೆ ಫ್ಯೂಸೇ ಇಲ್ಲ! ಕ್ಯಾಬಿನ್ ಒಳಗೆ ಬರೋ ತೂತಿನ ಅಂಚಿಗೆ ಉಜ್ಜಿ, ಮೇಲಿನ ಪ್ಲಾಸ್ಟಿಕ್ ಅರ್ಧ ಸವೆದಿತ್ತು. ಒಳಗಿನ ತಾಮ್ರ ಬಾಡಿಗೆ ತಗುಲಿದ್ರೆ ನೇರ ಶಾರ್ಟ್, ಬೆಂಕಿ. ಆಂಪ್‌ನಲ್ಲಿರೋ ಫ್ಯೂಸ್ ಇದನ್ನ ತಡೆಯಲ್ಲ, ಅದಿರೋದು ವೈರ್‌ನ ಆ ಕೊನೇಲಿ. ಆ ವೈರ್ ಮಗಳ ಕಾಲಕೆಳಗಿನ ಮ್ಯಾಟ್ ಅಡಿಯಿಂದ ಹೋಗಿತ್ತು. ಅಲ್ಲೇ ಬ್ಯಾಟರಿ ಕಡೆಯಿಂದ ಆ ವೈರ್ ಬಿಚ್ಚಿಸಿದೆ. ಶಿರಡಿವರೆಗೂ ಅಮ್ಮ ಕಥೆ ಹೇಳಿದ್ರು, ನಾವು ಕೇಳಿದ್ವಿ.

500 ವಾಟ್ ಕೊಡೋ ಕ್ಲಾಸ್ ಡಿ ಆಂಪ್ 80% ದಕ್ಷತೆಯಲ್ಲೂ ಬ್ಯಾಟರಿಯಿಂದ ಸುಮಾರು 45 ಆಂಪಿಯರ್ ಎಳೆಯುತ್ತೆ. ಅದಕ್ಕೆ ತಕ್ಕ ಅಪ್ಪಟ ತಾಮ್ರದ ವೈರ್, ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೆ ಫ್ಯೂಸ್, ತೂತಿಗೆ ರಬ್ಬರ್ ಗ್ರಾಮೆಟ್ ಹಾಕಿಸಿ.

ಇವತ್ತು ಸಂಜೆ ಕೆಲಸ ಮುಗಿಸಿ ಬಂದ ಮೇಲೆ ನಿಮ್ಮ ಕಾರಿನ ಬಾನೆಟ್ ಒಮ್ಮೆ ಎತ್ತಿ ನೋಡಿ. ಫ್ಯೂಸ್ ಕಾಣದಿದ್ರೆ ಸಿಸ್ಟಮ್ ಹಾಕಬೇಡಿ. ಮುಂದಿನ ವಿಡಿಯೋದಲ್ಲಿ ಸಿಗೋಣ.