ವಿಪಾರ್ ಆದೇಶಗಳು

ವಿಪಾರ್ ಆದೇಶಗಳು ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆಯ ಯುನಿಕ್ಸ್ ಕಾರ್ಯಾಚರಣ ವ್ಯವಸ್ಥೆಯಾದ ಎಚ್‌ಪಿ-ಯುಎಕ್ಸ್‌ನಲ್ಲಿ ವರ್ಚುವಲ್ ಪಾರ್ಟಿಷನ್‌ಗಳನ್ನು ನಿರ್ವಹಿಸಲು ಬಳಸುವ ಕಮಾಂಡ್ ಲೈನ್ ಸಾಧನಗಳಾಗಿವೆ. ಇಲ್ಲಿ ಪಾರ್ಟಿಷನ್ ಎಂದರೆ ಹಾರ್ಡ್ ಡಿಸ್ಕ್‌ನ ವಿಭಾಗವಲ್ಲ, ಇಡೀ ಸರ್ವರ್‌ನ ಒಂದು ಪಾಲು. ಪ್ರತಿಯೊಂದು ಪಾಲಿಗೂ ತನ್ನದೇ ಪ್ರೊಸೆಸರ್, ಮೆಮೊರಿ ಮತ್ತು ಬೂಟ್ ಡಿಸ್ಕ್ ಇರುತ್ತವೆ. ಪ್ರತಿಯೊಂದರಲ್ಲೂ ಎಚ್‌ಪಿ-ಯುಎಕ್ಸ್‌ನ ಪ್ರತ್ಯೇಕ ಪ್ರತಿ ನಡೆಯುತ್ತದೆ. ಒಂದರ ಕರ್ನಲ್ ಕುಸಿದರೂ ಉಳಿದವು ಕೆಲಸ ಮುಂದುವರಿಸುತ್ತವೆ.

ಈ ತಂತ್ರಾಂಶವು 2001ರಲ್ಲಿ ಪಿಎ-ರಿಸ್ಕ್ ಸರ್ವರ್‌ಗಳಿಗಾಗಿ ಬಂದಿತು; ನಂತರ ಇಟಾನಿಯಂ ಸರ್ವರ್‌ಗಳಿಗೂ ವಿಸ್ತರಿಸಿತು.

== ರಚನೆ ==
ಫರ್ಮ್‌ವೇರ್ ಮತ್ತು ಕಾರ್ಯಾಚರಣ ವ್ಯವಸ್ಥೆಗಳ ನಡುವೆ 'ವಿಪಿಮಾನ್' ಎಂಬ ಮಾನಿಟರ್ ಇರುತ್ತದೆ. ಯಾವ ಸಂಪನ್ಮೂಲ ಯಾವ ಪಾಲಿಗೆ ಸೇರಿದೆ ಎಂಬ ವಿವರ 'ವಿಪಿಡಿಬಿ' ಎಂಬ ದತ್ತಸಂಚಯದಲ್ಲಿದ್ದು, ಅದರ ಪ್ರತಿಯನ್ನು ಚಾಲನೆಯಲ್ಲಿರುವ ಪಾರ್ಟಿಷನ್‌ಗಳೂ ಇಟ್ಟುಕೊಳ್ಳುತ್ತವೆ. ಕನ್ಸೋಲ್ ಮಾತ್ರ ಎಲ್ಲಕ್ಕೂ ಒಂದೇ. ಕಂಟ್ರೋಲ್-ಎ ಒತ್ತಿ ಒಂದರಿಂದ ಇನ್ನೊಂದಕ್ಕೆ ಹೋಗಬೇಕು. ಟೈಪಿಸುವ ಮುನ್ನ ತಾನು ಯಾವ ಪಾಲಿನಲ್ಲಿದ್ದೇನೆಂದು ನೋಡಿಕೊಳ್ಳದ ನಿರ್ವಾಹಕನಿಗೆ ಇದು ಅಪಾಯಕಾರಿ.

== ಆದೇಶಗಳು ==
'ವಿಪಾರ್‌ಕ್ರಿಯೇಟ್' ಹೊಸ ಪಾರ್ಟಿಷನ್ ರಚಿಸುತ್ತದೆ, 'ವಿಪಾರ್‌ಬೂಟ್' ಅದನ್ನು ಆರಂಭಿಸುತ್ತದೆ. 'ವಿಪಾರ್‌ಮಾಡಿಫೈ' ಸಂಪನ್ಮೂಲಗಳನ್ನು ಸೇರಿಸುತ್ತದೆ ಅಥವಾ ತೆಗೆಯುತ್ತದೆ. ಹಗಲು ಒಂದು ಪಾಲಿಗೆ, ರಾತ್ರಿ ಮತ್ತೊಂದಕ್ಕೆ ಪ್ರೊಸೆಸರ್ ಕೊಡುವುದು ಇದರಿಂದ ಸಾಧ್ಯವಾಯಿತು. ಮೊದಲ ಆವೃತ್ತಿಗಳಲ್ಲಿ ಮೆಮೊರಿ ಬದಲಿಸಲು ಆ ಪಾರ್ಟಿಷನ್ ಅನ್ನು ನಿಲ್ಲಿಸಲೇಬೇಕಿತ್ತು. 11ಐ ಆವೃತ್ತಿ 3ರ ಕಾಲದಲ್ಲಿ ಈ ನಿರ್ಬಂಧ ಸಡಿಲವಾಯಿತು.

'ವಿಪಾರ್‌ಸ್ಟೇಟಸ್' ಪ್ರತಿ ಪಾಲಿನ ಸ್ಥಿತಿಯನ್ನು ತೋರಿಸುತ್ತದೆ: ಚಾಲನೆಯಲ್ಲಿದೆಯೇ, ನಿಂತಿದೆಯೇ, ಕುಸಿದಿದೆಯೇ ಅಥವಾ ಪ್ರತಿಕ್ರಿಯೆ ನೀಡದೆ ಸ್ತಬ್ಧವಾಗಿದೆಯೇ ಎಂದು. ಸ್ತಬ್ಧವಾದುದಕ್ಕೆ 'ವಿಪಾರ್‌ರೀಸೆಟ್' ಇದೆ. ಇದು ಸಾಮಾನ್ಯ ಶಟ್‌ಡೌನ್‌ಗೆ ಪರ್ಯಾಯವಲ್ಲ. ಚಾಲನೆಯಲ್ಲಿರುವ ತಂತ್ರಾಂಶಗಳಿಗೆ ತಮ್ಮ ಕೆಲಸ ಮುಗಿಸಲು ಅವಕಾಶ ಸಿಗುವುದಿಲ್ಲ. 'ವಿಪಾರ್‌ರಿಮೂವ್' ಹೆಸರಿನಿಂದ ಭಯ ಹುಟ್ಟಿಸಿದರೂ ಪಾರ್ಟಿಷನ್‌ನ ವ್ಯಾಖ್ಯೆಯನ್ನಷ್ಟೇ ಅಳಿಸುತ್ತದೆ. ಡಿಸ್ಕ್‌ನಲ್ಲಿರುವ ದತ್ತಾಂಶ ಹಾಗೆಯೇ ಉಳಿಯುತ್ತದೆ.

== ಅಧಿಕಾರದ ಪ್ರಶ್ನೆ ==
ಈ ವ್ಯವಸ್ಥೆಯ ಮುಖ್ಯ ದೌರ್ಬಲ್ಯ ಇಲ್ಲಿತ್ತು. ಪಾಲುಗಳು ಪ್ರತ್ಯೇಕವಾಗಿದ್ದರೂ ಅವುಗಳನ್ನು ಆಳುವ ಆದೇಶಗಳಿಗೆ ಆ ಗಡಿ ಇರಲಿಲ್ಲ. ಪರೀಕ್ಷಾ ಕಾರ್ಯಕ್ಕೆ ಮೀಸಲಾದ ಪಾರ್ಟಿಷನ್‌ನ ರೂಟ್ ಬಳಕೆದಾರನು ಅಲ್ಲಿಂದಲೇ ಪಕ್ಕದ ಪಾಲನ್ನು ರೀಸೆಟ್ ಮಾಡಬಹುದಿತ್ತು, ಅದರ ಪ್ರೊಸೆಸರ್‌ಗಳನ್ನು ತೆಗೆಯಬಹುದಿತ್ತು. ಬೇರೆ ಬೇರೆ ವಿಭಾಗಗಳಿಗೆ ಒಂದೊಂದು ಪಾಲು ಹಂಚಿದ್ದ ಕಡೆ ಒಬ್ಬನ ರೂಟ್ ಗುಪ್ತಪದ ಸೋರಿದರೆ ಎಲ್ಲರಿಗೂ ಅಪಾಯ. ಹೆಸರನ್ನು ತಪ್ಪಾಗಿ ಟೈಪಿಸಿದರೂ ಫಲ ಅದೇ. ನಂತರ ಬಂದ 'ವಿಪಾರ್‌ಅಡ್ಮಿನ್' ಆದೇಶವು ಇತರ ಪಾಲುಗಳನ್ನು ಬದಲಿಸುವ ಅಧಿಕಾರವನ್ನು ನಿಯೋಜಿತ ಪಾರ್ಟಿಷನ್‌ಗಳಿಗೆ ಮಾತ್ರ ಸೀಮಿತಗೊಳಿಸಲು ಅವಕಾಶ ನೀಡಿತು.

ಇತರ ಯುನಿಕ್ಸ್‌ಗಳು ಈ ತೊಡಕನ್ನು ಬೇರೆ ರೀತಿಯಲ್ಲಿ ನಿವಾರಿಸಿದ್ದವು. ಐಬಿಎಂನ ಪವರ್ ಸರ್ವರ್‌ಗಳಲ್ಲಿ ನಿರ್ವಹಣೆಗೆಂದೇ ಪ್ರತ್ಯೇಕ ಕನ್ಸೋಲ್ ಯಂತ್ರವಿರುತ್ತದೆ. ಸೋಲಾರಿಸ್‌ನಲ್ಲಿ ನಿಯಂತ್ರಣ ಡೊಮೇನ್‌ನಿಂದ 'ಎಲ್‌ಡಿಎಂ' ಆದೇಶ ನೀಡಲಾಗುತ್ತದೆ. 2011ರಲ್ಲಿ ಬಂದ ವಿಪಾರ್ 6ನೇ ಆವೃತ್ತಿಯೂ ಇದೇ ದಾರಿ ಹಿಡಿಯಿತು: ಹಳೆಯ ಮಾನಿಟರ್ ಹೋಯಿತು, ಆದೇಶಗಳು ಅವೇ ಹೆಸರಿನಲ್ಲಿ ಉಳಿದರೂ 'ವಿಎಸ್‌ಪಿ' ಎಂಬ ಆತಿಥೇಯ ವ್ಯವಸ್ಥೆಯಿಂದ ನಿರ್ವಹಣೆ ನಡೆಯತೊಡಗಿತು. ಇಂಟೆಲ್ 2021ರಲ್ಲಿ ಇಟಾನಿಯಂ ಪ್ರೊಸೆಸರ್‌ಗಳ ಪೂರೈಕೆ ನಿಲ್ಲಿಸಿತು.